ಕಂಠಕವಚ

ಗೋಡೆಯ ಪರದೆಯ ಮೇಲೆ ಚಿತ್ರ ಮೂಡುವ ಮೊದಲೇ ಸುನೀಲ್ ತಾನೇ ಚಪ್ಪಾಳೆ ಶುರುಮಾಡಿದ. ಇಂದಿರಾನಗರದ ಆ ಖಾಸಗಿ ಆಸ್ಪತ್ರೆಯ ಮಾರ್ಕೆಟಿಂಗ್ ಮುಖ್ಯಸ್ಥ ಅವನು. ಇಲ್ಲಿಗೆ ಬರುವ ಮುಂಚೆ ಯಾವುದೋ ಶಾಂಪೂ ಕಂಪನಿಯಲ್ಲಿದ್ದ. ಕೂದಲು ಉದುರದ ಹಾಗೆ ನೋಡಿಕೊಳ್ಳುತ್ತೇನೆಂದು ರಾಜ್ಯಕ್ಕೆಲ್ಲ ಮಾತು ಕೊಟ್ಟು, ತನ್ನ ತಲೆಯನ್ನೇ ಕಾಪಾಡಿಕೊಳ್ಳಲಾಗದೆ ಓಡಿಬಂದವನು ಎಂದು ಡಾಕ್ಟರ್ ಬೃಂದಾ ಅವನ ಬೆನ್ನ ಹಿಂದೆ ಹೇಳುತ್ತಿದ್ದಳು. ಮುಖದೆದುರು ಹೇಳಿದರೂ ಅವನಿಗೆ ಬೇಜಾರಾಗುತ್ತಿರಲಿಲ್ಲವೇನೋ. ಬೇಜಾರಾಗುವುದಕ್ಕೂ ಒಂದು ಯೋಗ್ಯತೆ ಬೇಕು ಎಂಬುದು ಅವಳ ಅಭಿಪ್ರಾಯ.

ಪರದೆಯ ಮೇಲೆ ಗಟ್ಟಿಮುಟ್ಟಾದ ಗಂಡಸೊಬ್ಬನ ಕುತ್ತಿಗೆ, ಅದರ ಸುತ್ತ ಬಂಗಾರದ ಬಣ್ಣದ ಕವಚ. ಕೆಳಗೆ ದಪ್ಪಕ್ಷರದಲ್ಲಿ: 'ಕಂಠಕವಚ. ಒಂದು ಹನಿ ರಕ್ತ, ಪಾರ್ಶ್ವವಾಯುವಿನಿಂದ ಮುಕ್ತ.' ಅದರ ಪಕ್ಕದಲ್ಲಿ ಬಿಳಿ ಕೋಟು ಹಾಕಿಕೊಂಡು ನಗುತ್ತಿರುವ ಬೃಂದಾಳ ಫೋಟೊ. ಆಸ್ಪತ್ರೆಯ ವೆಬ್‌ಸೈಟಿನಿಂದ ಎತ್ತಿ ಅಂಟಿಸಿದ್ದರು.

"ಪ್ರಾಸ ನೋಡಿ ಡಾಕ್ಟರ್. ರಕ್ತ, ಮುಕ್ತ," ಎಂದ ಸುನೀಲ್.

"ನೋಡ್ದೆ. ವಿರಕ್ತ ಅಂತ್ಲೂ ಸೇರಿಸಬಹುದಿತ್ತು," ಎಂದಳು ಬೃಂದಾ.

ಮೇಜಿನ ಆ ತುದಿಯಲ್ಲಿ ಡಾಕ್ಟರ್ ಲಕ್ಷ್ಮಿಕಾಂತ ಕಾಫಿ ಕುಡಿಯುತ್ತ ಕೂತಿದ್ದರು. ರಕ್ತನಾಳಗಳ ಸರ್ಜನ್. ಕೈ ಚಿನ್ನದಂಥದ್ದು, ಅದನ್ನು ಬೃಂದಾ ಕೂಡ ಒಪ್ಪುತ್ತಿದ್ದಳು. ಬೆನ್ನುಮೂಳೆ ಇದೆಯೋ ಇಲ್ಲವೋ ಎಂಬ ವಿಷಯದಲ್ಲಿ ಮಾತ್ರ ಅವರ ಬಗ್ಗೆ ಅವಳಿಗೆ ಅನುಮಾನವಿತ್ತು.

ಕಂಠಕವಚ ಎಂದರೆ ಕ್ಯಾಂಪುಗಳಲ್ಲಿ ಜನರ ರಕ್ತ ಪರೀಕ್ಷಿಸಿ, ಅಪಾಯ ಎಷ್ಟಿದೆಯೆಂದು ಬಣ್ಣದ ಕಾರ್ಡು ಕೊಡುವ ಯೋಜನೆ. ಅದರ ಬುಡದಲ್ಲಿ ಇದ್ದದ್ದು ಬೃಂದಾಳದೇ ಕೆಲಸ. ಅವಳು ಪೆಥಾಲಜಿಸ್ಟ್. ಕುತ್ತಿಗೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರಾಟಿಡ್ ನಾಳದೊಳಗೆ ಕೊಬ್ಬು ಕಟ್ಟಿಕೊಂಡಾಗ ಆ ಗಟ್ಟಿಯನ್ನು ಲಕ್ಷ್ಮಿಕಾಂತ ಬಿಡಿಸಿ ತೆಗೆಯುತ್ತಿದ್ದರು. ಅದಕ್ಕೆ ಪ್ಲಾಕ್ ಎನ್ನುತ್ತಾರೆ. ಹಾಗೆ ತೆಗೆದದ್ದನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಇವಳ ಕೆಲಸ. ನಾಳ ಎಷ್ಟು ಕಿರಿದಾಗಿದೆ ಎನ್ನುವುದಷ್ಟೇ ಕತೆಯಲ್ಲ ಎಂದು ಅವಳಿಗೆ ವರ್ಷಗಳಿಂದ ಕಾಣುತ್ತಿತ್ತು. ನಾಳ ಒಂದೇ ಸಮ ಕಿರಿದಾದ ಇಬ್ಬರಲ್ಲಿ ಒಬ್ಬ ಮೊಮ್ಮಕ್ಕಳ ಮದುವೆ ಊಟ ಮಾಡುತ್ತಾನೆ, ಇನ್ನೊಬ್ಬನಿಗೆ ಬೆಳಗ್ಗೆ ಎದ್ದಾಗ ಕೈ ಎತ್ತಲಾಗುವುದಿಲ್ಲ. ವ್ಯತ್ಯಾಸ ಪ್ಲಾಕಿನ ಒಳಗಿದೆ. ಕೊಬ್ಬನ್ನು ಚೊಕ್ಕಟ ಮಾಡಲೆಂದು ರಕ್ತದಿಂದ ಮ್ಯಾಕ್ರೊಫೇಜ್ ಎಂಬ ಕೋಶಗಳು ನಾಳದ ಗೋಡೆಗೆ ನುಗ್ಗುತ್ತವೆ. ತಿಂದೂ ತಿಂದೂ ನೊರೆಯ ಹಾಗೆ ಉಬ್ಬಿ, ಹೊರಗೆ ಬರಲಾಗದೆ ಅಲ್ಲೇ ಸಾಯುತ್ತವೆ. ಸಾಯದೆ ಉಳಿದವು ಒಂದು ಜಾತಿಯ ಪ್ರೋಟೀನನ್ನು ಸುರಿಸುತ್ತವೆ. ಅದು ಕೊಬ್ಬಿನ ಮೇಲಿರುವ ನಾರಿನ ಮುಚ್ಚಳವನ್ನು ಕರಗಿಸುತ್ತ ಬರುತ್ತದೆ. ಮುಚ್ಚಳ ತೆಳುವಾಗಿ ಒಂದು ದಿನ ಹರಿದರೆ, ಅಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ನೇರ ಮಿದುಳಿಗೆ.

ಪಾರ್ಶ್ವವಾಯು ಹೊಡೆದವರ ಪ್ಲಾಕುಗಳಲ್ಲಿ ಈ ಕೋಶಗಳೂ ಈ ಪ್ರೋಟೀನೂ ಹೆಚ್ಚು ಎಂದು ಬೃಂದಾ ಒಂದು ಪ್ರಬಂಧ ಬರೆದಿದ್ದಳು. ಬರೆಯುವವರನ್ನು ಬಿಟ್ಟರೆ ಬೇರೆ ಯಾರೂ ಓದದ ಪತ್ರಿಕೆಯೊಂದರಲ್ಲಿ ಅದು ಅಚ್ಚಾಗಿತ್ತು. ರಕ್ತಪರೀಕ್ಷೆಯಿಂದ ಇದನ್ನು ಕಂಡುಹಿಡಿಯಬಹುದೇ ಎಂಬುದಕ್ಕೆ ಸದ್ಯ ಆಧಾರವಿಲ್ಲ ಎಂದು ಕೊನೆಯ ಪ್ಯಾರಾದಲ್ಲಿ ಬಿಡಿಸಿ ಹೇಳಿದ್ದಳು. ಸುನೀಲ್ ಅದರ ಹಿಂದಿನ ಪ್ಯಾರಾದವರೆಗೆ ಓದಿದ್ದ.

"ನಾನು ನೋಡಿದ್ದು ಕುತ್ತಿಗೆಯಿಂದ ತೆಗೆದ ಪ್ಲಾಕಲ್ಲಿ. ನೀವು ನೋಡೋಕೆ ಹೊರಟಿರೋದು ತೋಳಿಂದ ತೆಗೆದ ರಕ್ತದಲ್ಲಿ," ಎಂದಳು.

"ರಕ್ತ ಎಲ್ಲಾ ಕಡೆ ಓಡಾಡುತ್ತಲ್ವಾ ಡಾಕ್ಟರ್?"

"ಓಡಾಡುತ್ತೆ. ಅದಕ್ಕೇ ಹೇಳ್ತಿರೋದು. ಹಲ್ಲಲ್ಲಿ ಕೀವಾದ್ರೂ ಆ ಪ್ರೋಟೀನ್ ಏರುತ್ತೆ, ಮಂಡಿ ಊದ್ಕೊಂಡ್ರೂ ಏರುತ್ತೆ. ಕುತ್ತಿಗೆ ಒಳಗೆ ಕಡಲೆಕಾಳಷ್ಟು ಜಾಗ ಕೊಳೀತಿದ್ರೆ ತೋಳಿನ ರಕ್ತಕ್ಕೆ ಸುದ್ದೀನೇ ಮುಟ್ಟದೆ ಇರಬಹುದು. ನಿಮ್ಮ ಕೆಂಪು ಕಾರ್ಡು ಹಲ್ಲುನೋವಿನವರನ್ನ ಹೆದರಿಸುತ್ತೆ. ಹಸಿರು ಕಾರ್ಡು ನಿಜವಾದ ರೋಗಿಗೆ ಜೋಗುಳ ಹಾಡುತ್ತೆ."

"ಹಸಿರು, ಹಳದಿ, ಕೆಂಪು," ಎಂದು ಸುನೀಲ್ ಖುಷಿಯಿಂದ ತಲೆಯಾಡಿಸಿದ. "ಸಿಗ್ನಲ್ ಥರ. ಯಾರಿಗೆ ಬೇಕಾದ್ರೂ ಅರ್ಥ ಆಗುತ್ತೆ."

ಲಕ್ಷ್ಮಿಕಾಂತ ಲೋಟ ಕೆಳಗಿಟ್ಟರು. "ಬಿಡೀಮ್ಮ ಬೃಂದಾ. ಏನೋ ಒಂದು ನೆಪದಲ್ಲಿ ಜನ ಆಸ್ಪತ್ರೆ ಕಡೆ ಮುಖ ಮಾಡ್ಲಿ. ಅವೇರ್‌ನೆಸ್ ಬರುತ್ತೆ."

"ಸುಳ್ಳು ಹೇಳೋಕೆ ಇಂಗ್ಲಿಷಲ್ಲಿ ಎಷ್ಟು ಒಳ್ಳೊಳ್ಳೆ ಪದ ಇದಾವೆ ಸಾರ್," ಎಂದು ಬೃಂದಾ ಎದ್ದಳು. "ನನ್ನ ಫೋಟೊ ತೆಗೆದುಬಿಡಿ."

"ಶೂರ್ ಡಾಕ್ಟರ್," ಎಂದ ಸುನೀಲ್.

ಲ್ಯಾಬಿಗೆ ಬಂದು ಅವನ ಚಪ್ಪಾಳೆಯನ್ನೂ ಪ್ರಾಸವನ್ನೂ ಹಾಗೆಹಾಗೇ ನಟಿಸಿ ತೋರಿಸಿದಳು. ಸ್ಲೈಡುಗಳಿಗೆ ಬಣ್ಣ ಹಾಕುವ ರಿಮ್ಶಾ ಶಿವಾಜಿನಗರದ ಹುಡುಗಿ. ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅಷ್ಟಕ್ಕೆ ಬೃಂದಾಳ ಮನಸ್ಸು ಹಗುರಾಯಿತು. ಫೋಟೊ ತೆಗೆದರೋ ಇಲ್ಲವೋ ಎಂದು ಮತ್ತೆ ಕೇಳಲಿಲ್ಲ. ಅಂಥವನ ಹತ್ತಿರ ಒಂದೇ ಮಾತನ್ನು ಎರಡು ಸಲ ಆಡುವುದು ತನ್ನ ಅಂತಸ್ತಿಗೆ ಕಡಿಮೆ ಎಂದುಕೊಂಡಳು.

ಬಾಣಸವಾಡಿಯ ಫ್ಲ್ಯಾಟಿನಿಂದ ಹಲಸೂರಿನ ತವರಿಗೆ ಅವಳು ಭಾನುವಾರಗಳಂದು ಹೋಗುತ್ತಿದ್ದಳು. ಮಾರ್ಕೆಟಿನ ಹಿಂದಿನ ಓಣಿಯಲ್ಲಿ ತಾತನ ಕಾಲದ ಚಿಕ್ಕ ಮನೆ. ಅಪ್ಪ ವೆಂಕಟಸ್ವಾಮಿ ವಿಮಾನ ಕಾರ್ಖಾನೆಯಿಂದ ನಿವೃತ್ತರಾದವರು. ಕೆಲಸ ಬಿಟ್ಟರೂ ಹೊಸ ತಿಪ್ಪಸಂದ್ರದ ಟೀ ಅಂಗಡಿಯನ್ನು ಬಿಟ್ಟಿರಲಿಲ್ಲ. ಬೆಳಗಾದರೆ ಹಳೇ ಗೆಳೆಯರ ಜೊತೆ ಅಲ್ಲಿ ಕೂತು, ಕೇಂದ್ರ ಸರ್ಕಾರದಿಂದ ಹಿಡಿದು ಬೀದಿ ನಾಯಿಯವರೆಗೆ ಎಲ್ಲರಿಗೂ ಮಂಗಳಾರತಿ ಎತ್ತಿ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಬೃಂದಾಳ ನಾಲಿಗೆಯ ಮೂಲ ಯಾವುದೆಂದು ಓಣಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ.

ಆ ಭಾನುವಾರ ಅವಳು ಚಪ್ಪಲಿ ಬಿಡುತ್ತಿದ್ದಂತೆ ಅಪ್ಪ ಬುದ್ಧನ ಪಟದ ಕೆಳಗೆ ಒರಗಿಸಿಟ್ಟಿದ್ದ ಒಂದು ಕಾರ್ಡನ್ನು ತಂದು ಅವಳ ಕೈಗಿಟ್ಟರು. ಹಸಿರು ಕಾರ್ಡು. ಲ್ಯಾಮಿನೇಟ್ ಬೇರೆ ಮಾಡಿಸಿದ್ದರು.

"ನೋಡಮ್ಮ. ಕುತ್ತಿಗೆ ಫಸ್ಟ್ ಕ್ಲಾಸು. ತಿಪ್ಪಸಂದ್ರದಲ್ಲಿ ನಿಮ್ಮೋರ ಕ್ಯಾಂಪ್ ಇತ್ತು. ನಮ್ ರಾಮಾಂಜಿನಪ್ಪಂಗೆ ಕೆಂಪು ಬಂತು, ಪಾಪ, ಊಟ ಬಿಟ್ಟು ಕೂತವ್ನೆ."

ರಾಮಾಂಜಿನಪ್ಪನಿಗೆ ಒಸಡಿನ ಕಾಯಿಲೆ. ಓಣಿಗೆಲ್ಲ ಗೊತ್ತಿದ್ದ ವಿಷಯ.

"ಅಪ್ಪ, ಇದನ್ನ ಯಾಕೆ ಮಾಡಿಸ್ಕೊಂಡ್ರಿ? ನನ್ನನ್ನ ಒಂದು ಮಾತು ಕೇಳ್ಬಾರ್ದಾ?"

"ನಿನ್ನೇನು ಕೇಳೋದು? ನಿನ್ ಫೋಟೊನೇ ಇತ್ತಲ್ಲಮ್ಮ ಬ್ಯಾನರ್ ಮೇಲೆ. ಲೈನಲ್ಲಿ ನಿಂತಿದ್ದೋರಿಗೆಲ್ಲ ಹೇಳ್ದೆ, ಇದು ನನ್ ಮಗಳು ಕಂಡ್‌ಹಿಡ್ದಿರೋದು ಅಂತ. ಸುಮಾರು ಜನ ನನ್ ಮಾತು ಕೇಳ್ಕೊಂಡೇ ಮಾಡಿಸ್ಕೊಂಡ್ರು."

ಅಡುಗೆಮನೆಯಿಂದ ಅಮ್ಮ ಗೋವಿಂದಮ್ಮನ ದನಿ ಬಂತು. "ಕುತ್ತಿಗೆ ಚೆನ್ನಾಗಿದ್ರೆ ಸಂತೋಷ. ಆ ಕಣ್ಣಿಂದು ಏನು ಅಂತ ಮಗಳತ್ರ ಕೇಳಿ. ಅದನ್ಯಾಕೆ ಬಚ್ಚಿಡ್ತೀರಿ?"

"ಏನು ಕಣ್ಣು?"

"ಏನಿಲ್ಲ ಬಿಡಮ್ಮ. ವಯಸ್ಸಾಯ್ತು. ಮೊನ್ನೆ ಮಾರ್ಕೆಟಲ್ಲಿ ಎಡಗಣ್ಣಿಗೆ ಅಂಗಡಿ ಶಟರ್ ಎಳೆದಂಗಾಯ್ತು. ಮೇಲಿಂದ ಕೆಳಕ್ಕೆ ಕತ್ತಲೆ. ಸ್ವಲ್ಪ ಹೊತ್ತು ಟೊಮೇಟೊ ಗಾಡಿ ಹಿಡ್ಕೊಂಡು ನಿಂತಿದ್ದೆ, ಸರಿಹೋಯ್ತು."

"ಅದೊಂದೇ ಸಲಾನಾ?"

ಅಪ್ಪ ಅಡುಗೆಮನೆಯ ಕಡೆ ನೋಡಿದರು. "ಅದಕ್ ಮುಂಚೆ ಒಂದ್ಸಲ ಆಗಿತ್ತು. ಆಗ ಹೆದರಿಕೆಯಾಗಿ ನಿಂಗೆ ಫೋನ್ ಮಾಡ್ಬೇಕು ಅಂದ್ಕೊಂಡೆ. ಅಷ್ಟರಲ್ಲಿ ಹಸಿರು ಕಾರ್ಡ್ ಬಂತು. ಸುಮ್ನೆ ಯಾಕೆ ನಿಂಗೆ ತೊಂದ್ರೆ ಅಂತ ಬಿಟ್ಬಿಟ್ಟೆ."

ಬೃಂದಾ ಕಾರ್ಡನ್ನು ಪಕ್ಕಕ್ಕಿಟ್ಟಳು. ಕಣ್ಣಿಗೆ ಹೀಗೆ ತೆರೆ ಎಳೆದು ಬಿಡುವುದು ಕುತ್ತಿಗೆಯ ಪ್ಲಾಕಿನಿಂದ ಪುಡಿ ಉದುರುತ್ತಿದೆ ಎಂಬುದರ ಸೂಚನೆ. ಮುಂದಿನ ಪುಡಿ ಕಣ್ಣಿಗೇ ಹೋಗಬೇಕೆಂದಿಲ್ಲ. ಎಡಗಡೆಯ ನಾಳ ಸಾಮಾನ್ಯವಾಗಿ ಮಿದುಳಿನಲ್ಲಿ ಮಾತನ್ನು ಆಳುವ ಭಾಗಕ್ಕೆ ಹೋಗುವಂಥದ್ದು. ಅಪ್ಪನಿಂದ ಮಾತನ್ನು ತೆಗೆದರೆ ಏನು ಉಳಿಯುತ್ತದೆ? ಊಟಕ್ಕೂ ಕೂರಿಸದೆ ಅವರನ್ನು ತನ್ನ ಆಸ್ಪತ್ರೆಗೆಂದು ಆಟೊ ಹತ್ತಿಸಿದಳು. ದಾರಿಯುದ್ದಕ್ಕೂ ಅವರು ಆಟೊದವನಿಗೆ ಹಸಿರು ಕಾರ್ಡಿನ ವಿಷಯ ಹೇಳುತ್ತಿದ್ದರು. ಲ್ಯಾಬಿನಲ್ಲಿ ತಾನು ಸುನೀಲನ ಚಪ್ಪಾಳೆ ತಟ್ಟಿ ತೋರಿಸಿದ್ದು ನೆನಪಾಗಿ ಬೃಂದಾಳಿಗೆ ಅಸಹ್ಯವಾಯಿತು. ಇಷ್ಟು ವರ್ಷ ಹಂಗಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದಳು. ಹಂಗಿಸಿದ್ದನ್ನು ರಿಮ್ಶಾ ಕೇಳಿದಳು, ಗೋಡೆ ಕೇಳಿತು. ಬ್ಯಾನರು ಮಾತ್ರ ತಿಪ್ಪಸಂದ್ರಕ್ಕೆ ಹೋಯಿತು.

ಸ್ಕ್ಯಾನ್ ಆಯಿತು. ಎಡಗಡೆಯ ನಾಳ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಿರಿದಾಗಿತ್ತು, ಒಳಗೆ ಪ್ಲಾಕು ಮೆತ್ತಗೆ ಕಂಡಿತು. ಲಕ್ಷ್ಮಿಕಾಂತ ಚಿತ್ರಗಳನ್ನು ನೋಡಿ, ರೋಗಿಯ ಹೆಸರು ನೋಡಿ, ಬೃಂದಾಳ ಮುಖ ನೋಡಿದರು.

"ನಿಮ್ಮ ತಂದೆಯವರಾ?"

"ಹೌದು ಸಾರ್. ಕಂಠಕವಚ ಹಾಕ್ಕೊಂಡಿದಾರೆ. ಹಸಿರು ಬಣ್ಣದ್ದು."

ಅವರು ಆ ಮಾತಿಗೆ ಕಿವಿಗೊಡದವರಂತೆ ಮತ್ತೆ ಸ್ಕ್ಯಾನಿನ ಕಡೆ ತಿರುಗಿದರು. "ಕಣ್ಣಿಗೆ ಬಂದಿದೆ ಅಂದ್ಮೇಲೆ ಕಾಯೋದು ಬೇಡ. ಈ ವಾರಾನೇ ತೆಗೆದುಬಿಡೋಣ."

ತೆಗೆದರು. ಚೆನ್ನಾಗಿಯೇ ತೆಗೆದರು. ಆ ಕೈಗಳನ್ನು ದ್ವೇಷಿಸುವುದು ಬೃಂದಾಳಿಂದ ಆಗಲಿಲ್ಲ. ಎಚ್ಚರವಾದ ಮೇಲೆ ವೆಂಕಟಸ್ವಾಮಿಯವರ ದನಿ ಗೊಗ್ಗರಾಗಿತ್ತು. ಆ ಗೊಗ್ಗರು ದನಿಯಲ್ಲಿ ಅವರು ಆಡಿದ ಮೊದಲ ಮಾತು ಆಸ್ಪತ್ರೆಯ ಕಾಫಿಯನ್ನು ಕುರಿತು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬಾಗಿಲ ಹೊರಗೆ ನಿಂತಿದ್ದ ಬೃಂದಾ ಅದನ್ನು ಕೇಳಿ ಗೋಡೆಗೆ ಹಣೆಯಿಟ್ಟು ಅತ್ತಳು.

ಅಪ್ಪನ ಪ್ಲಾಕು ಎಲ್ಲರದರಂತೆ ಅವಳ ಲ್ಯಾಬಿಗೇ ಬಂತು. ಬೇರೆಯವರು ನೋಡಲಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರೂ ಅವಳು ಕೊಡಲಿಲ್ಲ. ಅದರಲ್ಲಿ ಕಟ್ಟಿಕೊಂಡಿದ್ದ ಸುಣ್ಣದಂಶ ಕರಗಿಸಿ, ಕೊಯ್ದು, ಬಣ್ಣ ಹಾಕುವ ಹೊತ್ತಿಗೆ ವಾರವೇ ಕಳೆಯಿತು. ರಿಮ್ಶಾ ಸ್ಲೈಡನ್ನು ತಂದಿಟ್ಟು, "ಮೇಡಮ್, ತುಂಬಾ ಕಂದು ಬಂದಿದೆ," ಎಂದಷ್ಟೇ ಹೇಳಿ ಪಕ್ಕಕ್ಕೆ ನಿಂತಳು. ಮ್ಯಾಕ್ರೊಫೇಜುಗಳು ಇದ್ದಲ್ಲೆಲ್ಲ ಕಂದು ಬಣ್ಣ ಹಿಡಿಯುವ ಹಾಗೆ ಮಾಡುವ ಪರೀಕ್ಷೆ ಅದು.

ಬೃಂದಾ ಕಣ್ಣಿಟ್ಟಳು. ಮುಚ್ಚಳದ ಒಂದು ಮೂಲೆಯಲ್ಲಿ ಕಂದು ಕೋಶಗಳು ಮುಗಿಬಿದ್ದಿದ್ದವು. ನೊರೆ ತುಂಬಿ ಊದಿಕೊಂಡವು, ಒಡೆದು ಚೂರಾದವು, ಅವುಗಳ ನಡುವೆ ಲಿಂಫೊಸೈಟ್ ಎಂಬ ಚಿಕ್ಕ ದುಂಡು ಬಿಳಿ ರಕ್ತಕಣಗಳು. ಪಕ್ಕದ ಸ್ಲೈಡಿನಲ್ಲಿ ಅದೇ ಜಾಗದಲ್ಲಿ ಆ ಪ್ರೋಟೀನು ಚೆಲ್ಲಾಡಿತ್ತು. ಅಲ್ಲಿ ನಾರಿನ ಮುಚ್ಚಳ ಈರುಳ್ಳಿಯ ಮೇಲುಸಿಪ್ಪೆಗಿಂತ ತೆಳ್ಳಗಿತ್ತು. ಒಂದು ಕಡೆ ಆಗಲೇ ಸೀಳಿ, ರಕ್ತದ ಸಣ್ಣ ಹೆಪ್ಪು ಅಂಟಿಕೊಂಡಿತ್ತು. ಇಷ್ಟೆಲ್ಲ ನಡೆಯುತ್ತಿದ್ದಾಗ ತೋಳಿನ ರಕ್ತ ಏನೂ ಇಲ್ಲವೆಂದು ಸಾಕ್ಷಿ ಹೇಳಿತ್ತು.

ಮುಂದಿನ ಮೀಟಿಂಗಿನಲ್ಲಿ ಆ ಸ್ಲೈಡಿನ ಚಿತ್ರವನ್ನು ಪರದೆಗೆ ಹಾಕಿ ಎಲ್ಲವನ್ನೂ ಹೇಳಿದಳು. ಅಪ್ಪನ ಹೆಸರನ್ನೂ ಹೇಳಿದಳು. ಸುನೀಲ್ ಮುಖದಲ್ಲಿ ಇದ್ದಬದ್ದ ಮರುಕವನ್ನೆಲ್ಲ ತಂದುಕೊಂಡ.

"ಸೋ ಸಾರಿ ಡಾಕ್ಟರ್. ಅಂಕಲ್ ಬೇಗ ಹುಷಾರಾಗ್ಲಿ. ಆದ್ರೆ ಒಂದು ಕೇಸಿಂದ ಏನೂ ಹೇಳೋಕಾಗಲ್ಲ ಅಂತ ನೀವೇ ಯಾವಾಗ್ಲೂ ಹೇಳ್ತೀರಲ್ವಾ?"

"ಹೇಳ್ತೀನಿ. ಒಂದು ಕೇಸಿಂದ ಏನೂ ಹೇಳೋಕಾಗಲ್ಲ. ನೀವು ಒಂದು ಕೇಸೂ ಇಲ್ಲದೆ ಊರಿಗೆಲ್ಲ ಹೇಳ್ತಿದೀರ."

"ನಾವು ಹಸಿರನ್ನ ಸ್ವಲ್ಪ ತಿಳಿ ಮಾಡಬಹುದು," ಎಂದ ಸುನೀಲ್ ಯೋಚಿಸಿ. "ಕೆಳಗೆ ಸಣ್ಣದಾಗಿ ಒಂದು ಲೈನ್ ಹಾಕಬಹುದು."

ಬೃಂದಾ ಲಕ್ಷ್ಮಿಕಾಂತರ ಕಡೆ ತಿರುಗಿದಳು. ಆ ಪ್ಲಾಕನ್ನು ಸ್ವಂತ ಬೆರಳಲ್ಲಿ ಬಿಡಿಸಿದವರು ಅವರು, ಅದು ಬೆಣ್ಣೆಯ ಹಾಗೆ ಇತ್ತೆಂದು ಆಪರೇಷನ್ ಥಿಯೇಟರಿನಲ್ಲೇ ಹೇಳಿದವರು. ಅವರು ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಬಹಳ ಹೊತ್ತು ಹುಡುಕಿದರು.

ಅವಳು ಈ ಸಲ ಹಂಗಿಸಲಿಲ್ಲ. "ಕೆ.ಆರ್. ಪುರದಲ್ಲಿ ಮಾಡೋ ಮುಂದಿನ ಕ್ಯಾಂಪಿಗೆ ನಾನು ಬರ್ತೀನಿ. ನನ್ನ ಫೋಟೊ ಇದೆಯಲ್ಲ, ನಾನೂ ಇರಬೇಕು," ಎಂದಳು. ಸುನೀಲನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಕೆ.ಆರ್. ಪುರದಲ್ಲಿ ಕಲ್ಯಾಣಮಂಟಪವೊಂದರ ಮುಂದೆ ಶಾಮಿಯಾನ ಹಾಕಿದ್ದರು. ಸುತ್ತಮುತ್ತ ಕಟ್ಟಡಗಳಲ್ಲಿ ದುಡಿಯುವ ರಾಯಚೂರು, ಯಾದಗಿರಿ ಕಡೆಯ ಜನ ಹೆಂಡಿರ ಜೊತೆ ಬಂದು ಕುರ್ಚಿಗಳಲ್ಲಿ ಕೂತಿದ್ದರು. ಮುಂದಿನ ಸಾಲಿನ ಸೋಫಾ ಮಾತ್ರ ಖಾಲಿಯಿತ್ತು, ಬರಬೇಕಾದ ಮುಖ್ಯ ಅತಿಥಿ ಬಂದಿರಲಿಲ್ಲ. ಸುನೀಲ್ ಅವಳನ್ನು ದೊಡ್ಡ ವಿಜ್ಞಾನಿಯೆಂದು ಹೊಗಳಿ ಮೈಕು ಕೊಟ್ಟ.

"ಈ ಬ್ಯಾನರಲ್ಲಿ ಇರೋಳು ನಾನೇ," ಎಂದು ಬೃಂದಾ ಶುರುಮಾಡಿದಳು. "ನನ್ನನ್ನ ಕೇಳದೆ ಹಾಕಿದಾರೆ. ಈ ರಕ್ತಪರೀಕ್ಷೆಯಿಂದ ನಿಮ್ಮ ಕುತ್ತಿಗೆ ನಾಳ ಹೇಗಿದೆ ಅಂತ ಗೊತ್ತಾಗಲ್ಲ. ನಮ್ಮಪ್ಪಂಗೆ ಹಸಿರು ಕಾರ್ಡು ಬಂದಿತ್ತು. ಅದೇ ತಿಂಗಳು ಅವರ ಕುತ್ತಿಗೆ ಕೊಯ್ಯಬೇಕಾಯ್ತು. ಈಗ ನಾನು ಹೇಳೋದನ್ನ ನೆನಪಿಟ್ಕೊಳ್ಳಿ, ಇದಕ್ಕೆ ಯಾವ ಕಾರ್ಡೂ ಬೇಡ. ಒಂದು ಕಣ್ಣಿಗೆ ಮಾತ್ರ ತೆರೆ ಎಳೆದ ಹಾಗೆ ಕತ್ತಲೆ ಬಂದು ಹೋದ್ರೆ, ಒಂದು ಕೈ ಇದ್ದಕ್ಕಿದ್ದಂಗೆ ಬಲ ಕಳ್ಕೊಂಡು ಮತ್ತೆ ಸರಿಹೋದ್ರೆ, ಮಾತು ತೊದಲಿ ಸರಿಹೋದ್ರೆ, ಸರಿಹೋಯ್ತಲ್ಲ ಅಂತ ಮನೇಲಿ ಕೂರಬೇಡಿ. ಸರಿಹೋಗಿರಲ್ಲ. ಅವತ್ತೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಇಂಥದ್ದೇ ಆಸ್ಪತ್ರೆ ಅಂತ ಇಲ್ಲ."

ಅಷ್ಟರಲ್ಲಿ ಮೈಕು ಸತ್ತಿತು. ಸುನೀಲ್ ವೈರಿನ ಹತ್ತಿರ ಬಗ್ಗಿದ್ದ. ಬೃಂದಾ ವೇದಿಕೆಯಿಂದಿಳಿದು ಕುರ್ಚಿಗಳ ನಡುವೆ ನಿಂತು ಅದನ್ನೇ ಬಾಯಿಮಾತಿನಲ್ಲಿ ಮತ್ತೊಮ್ಮೆ ಹೇಳಿದಳು. ಹಲಸೂರು ಮಾರ್ಕೆಟಿನ ಹಿಂದೆ ಬೆಳೆದ ಗಂಟಲು ಅದು, ಅದಕ್ಕೆ ಮೈಕಿನ ಹಂಗಿರಲಿಲ್ಲ. ಕೆಲವರು ಗೊಣಗುತ್ತ ಎದ್ದುಹೋದರು. ಉಚಿತ ಊಟ ಇದೆಯೋ ಇಲ್ಲವೋ ಎಂದು ಒಬ್ಬ ಕೇಳಿದ. ರಕ್ತ ಕೊಡಲು ನಿಂತ ಸಾಲು ಚೂರೂ ಕರಗಲಿಲ್ಲ, ಏಕೆಂದರೆ ಬಣ್ಣದ ಕಾರ್ಡು ಕೊಡುತ್ತಾರೆಂದು ಜನಕ್ಕೆ ಗೊತ್ತಿತ್ತು. ಬೃಂದಾ ಚೀಲ ಹೆಗಲಿಗೇರಿಸಿ ಹೊರಟಳು.

ಗೇಟಿನ ಬಳಿ ಒಬ್ಬ ಹೆಂಗಸು ಗಂಡನ ತೋಳು ಹಿಡಿದು ಅಡ್ಡ ನಿಂತಳು. ಶೇಷಮ್ಮ ಎಂದು ಹೆಸರು ಹೇಳಿಕೊಂಡಳು, ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆಯಂತೆ. ಗಂಡ ಪೀರಪ್ಪ ಕರ್ಣಿಯಲ್ಲಿ ಗಾರೆ ಮೆತ್ತುವ ಕೆಲಸದವನು.

"ಹೇಳ್ರಿ, ಮೇಡಮ್ಮರ ಮುಂದ ಹೇಳ್ರಿ," ಎಂದಳು.

ಪೀರಪ್ಪ ನೆಲ ನೋಡುತ್ತಿದ್ದ. "ಏನಿಲ್ರಿ. ಕರ್ಣಿ ಕೈಯಾಗಿಂದ ತಾನ ಬೀಳಾಕತ್ತೈತ್ರಿ. ಬಲಗೈ. ಚಣ ಆದಮ್ಯಾಗ ಮತ್ತ ಹಿಡೀತೈತಿ. ಮೇಸ್ತ್ರಿ ಕುಡದು ಬಂದೀಯೇನು ಅಂತಾನ. ನಾ ಕುಡಿಯಂಗಿಲ್ರಿ."

"ಯಾವಾಗಿಂದ?"

"ಹಬ್ಬ ಆದಾಗಿಂದ್ರಿ. ನಿನ್ನೀನೂ ಬಿತ್ತು."

ಬೃಂದಾ ಅವರಿಬ್ಬರನ್ನೂ ಅದೇ ಗಳಿಗೆ ತನ್ನ ಜೊತೆ ಕರೆದುಕೊಂಡು ಹೋದಳು. ಇಂದಿರಾನಗರಕ್ಕಲ್ಲ, ತನ್ನ ಹಳೆಯ ಸಹಪಾಠಿಯೊಬ್ಬಳು ಕೆಲಸ ಮಾಡುತ್ತಿದ್ದ ಸರ್ಕಾರಿ ಆಸ್ಪತ್ರೆಗೆ. ಸ್ಕ್ಯಾನ್ ಮಾಡಿದರೆ ಪೀರಪ್ಪನ ಎಡಗಡೆಯ ನಾಳ ಮುಕ್ಕಾಲು ಮುಚ್ಚಿತ್ತು. ಆ ವಾರ ಅಲ್ಲಿ ಅಂಥ ಆಪರೇಷನ್ ಮಾಡುವ ಸರ್ಜನ್ ರಜೆಯಲ್ಲಿದ್ದರು. ಸಹಪಾಠಿ ಬೇರೆ ಯಾರನ್ನೋ ಕರೆಸುತ್ತೇನೆಂದು ಹೇಳಿ ಕರೆಸಿದಳು. ಬಂದವರು ಲಕ್ಷ್ಮಿಕಾಂತ.

ಆಪರೇಷನ್ ಮುಗಿದು ಪೀರಪ್ಪನನ್ನು ವಾರ್ಡಿಗೆ ಸಾಗಿಸಿದ ಮೇಲೆ ಅವರು ಮೊಗಸಾಲೆಯಲ್ಲಿ ಬೃಂದಾಳ ಎದುರಿಗೆ ಬಂದು ನಿಂತರು. ಟೋಪಿಯನ್ನೂ ಬಿಚ್ಚಿರಲಿಲ್ಲ.

"ಒಳ್ಳೇ ಟೈಮಲ್ಲಿ ಸಿಕ್ಕಿದಾನೆ. ನೀವು ಮಾಡಿದ್ದು ಸರಿ," ಎಂದರು. ಸುತ್ತ ಒಮ್ಮೆ ನೋಡಿ, "ಆದ್ರೆ ಅಷ್ಟು ಜನದ ಮುಂದೆ ಹೇಳೋ ಬದಲು ನನ್ನತ್ರ ಒಂದು ಮಾತು ಹೇಳಬಹುದಿತ್ತು," ಎಂದರು.

"ಮೊದಲನೇ ಮೀಟಿಂಗಲ್ಲೇ ಹೇಳಿದ್ದೆ ಸಾರ್. ನೀವು ಕಾಫಿ ಕುಡೀತಿದ್ರಿ."

"ನೋಡೋಣ, ಮ್ಯಾನೇಜ್‌ಮೆಂಟ್ ಜೊತೆ ಮಾತಾಡ್ತೀನಿ."

"ಬೇಡ ಬಿಡಿ. ನಿಮಗೆ ಮಾತು ಬರಲ್ಲ. ಆಪರೇಷನ್ ಮಾಡಿ, ಅದು ಚೆನ್ನಾಗಿ ಬರುತ್ತೆ."

ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಲೆ ತಗ್ಗಿಸಿ ಟೋಪಿ ಕಳಚುತ್ತ ಹೋದರು. ಆಗ ಬೃಂದಾಳಿಗೆ ಅವರ ಮೇಲೆ ಕನಿಕರ ಹುಟ್ಟಿತು. ತಿರಸ್ಕಾರಕ್ಕಿಂತ ಅದು ಹೊರಲು ಭಾರವಾಗಿತ್ತು.

ಆಸ್ಪತ್ರೆಯವರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಸುದ್ದಿಯಾಗುತ್ತದೆಂದು ಸುನೀಲನಿಗೆ ತಿಳಿದಿತ್ತು. ಅವಳ ಫೋಟೊ ತೆಗೆದು ಯಾವುದೋ ದೇಶದ ಹೊಂಬಣ್ಣದ ಕೂದಲಿನ ಹೆಂಗಸನ್ನು ಅಂಟಿಸಿದರು. ಕಂಠಕವಚ ನಡೆಯುತ್ತಲೇ ಇತ್ತು, ಹಸಿರು ಸ್ವಲ್ಪ ತಿಳಿಯಾಗಿತ್ತು. ಬೃಂದಾ ವೈದ್ಯಕೀಯ ಪರಿಷತ್ತಿಗೆ ದೂರು ಕಳಿಸಿ, ಅದರ ಪ್ರತಿಯನ್ನು ಆಡಳಿತದವರ ಮೇಜಿನ ಮೇಲಿಟ್ಟು, ರಾಜೀನಾಮೆ ಕೊಟ್ಟಳು. ದೂರಿಗೆ ಉತ್ತರ ಬರುವ ಹೊತ್ತಿಗೆ ತನಗೆ ಪಿಂಚಣಿ ಬರುತ್ತಿರುತ್ತದೆ ಎಂದು ರಿಮ್ಶಾಳಿಗೆ ಹೇಳಿದಳು. ಆದರೂ ತಿಂಗಳಿಗೊಮ್ಮೆ ಪರಿಷತ್ತಿಗೆ ಫೋನ್ ಮಾಡಿ ವಿಚಾರಿಸುವುದನ್ನು ಬಿಡಲಿಲ್ಲ.

ಶಿವಾಜಿನಗರದಲ್ಲಿ ಒಂದು ಚಿಕ್ಕ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಎಸಿ ಇಲ್ಲ, ಕಿಟಕಿ ತೆರೆದರೆ ಬಿರಿಯಾನಿಯ ಘಮ. ರಿಮ್ಶಾ ತನ್ನ ಮನೆಗೆ ಹತ್ತಿರವೆಂಬ ನೆಪ ಹೇಳಿ ತಾನೂ ಅಲ್ಲಿಗೇ ಬಂದಿದ್ದಾಳೆ. ಮೊನ್ನೆ ಪೀರಪ್ಪ ಗಂಡಹೆಂಡತಿ ಇಬ್ಬರೂ ಹುಡುಕಿಕೊಂಡು ಬಂದಿದ್ದರು. ಅವನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನಂತೆ. ಲ್ಯಾಬಿನ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಇದನ್ನು ಕಟ್ಟಿದವನಿಗೆ ಕರ್ಣಿ ಹಿಡಿಯಲು ಯಾರು ಕಲಿಸಿದರೋ ಎಂದು ಮುಖ ಸಿಂಡರಿಸಿದ.